ಕೇಂಬ್ರಿಜ್ ಸೀಮೆಯ ಗ್ರಾಮ ಕಾಲೇಜುಗಳು

ಕೇಂಬ್ರಿಜ್ ಪಟ್ಟಣವನ್ನು ನೋಡಲು ಹೋದವರು ಸಾಮಾನ್ಯವಾಗಿ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನೂ, ಕ್ಯಾಮ್ ನದಿಯಲ್ಲಿ ಉದ್ದನೆಯ ಗಳುವಿನಿಂದ ನೂಕುವ ದೋಣಿಗಳನ್ನೂ, ನ್ಯೂಟನ್ ಮಹಾಶಯನೂ ನಮ್ಮ ಶ್ರೀನಿವಾಸ ರಾಮಾನುಜನ್ನರೂ ಇದ್ದ ಟ್ರಿನಿಟಿ ಕಾಲೇಜನ್ನೂ ನೋಡಿ ತೃಪ್ತರಾಗಿ ಹಿಂದಿರುಗುವರು. ಅದು ಯುಕ್ತವೇ ಸರಿ. ಆದರೆ ಆ ಪಟ್ಟಣಕ್ಕೆ ದಕ್ಷಿಣದಲ್ಲಿ ಏಳು ಮೈಲಿ ದೂರದಲ್ಲಿ ಸಾಸ್ಟನ್ ಎಂಬ ಊರೊಂದುಂಟು. ಅಲ್ಲಿಗೆ ಯಾತ್ರಿಕರು ಹೋಗುವುದಿಲ್ಲ. ನೋಡತಕ್ಕ ಕೋಟೆಯಾಗಲಿ ಗೋಪುರವಾಗಲಿ ಅಲ್ಲಿಲ್ಲ. ಇರುವುದು ಒಂದು ಪಾಠಶಾಲೆ. ಆ ಪಾಠಶಾಲೆಯನ್ನು ನೋಡುವುದಕ್ಕೆಂದೇ ನಾನು ಅಲ್ಲಿಗೆ ಹೋದೆನೆಂದರೆ ವಾಚಕರು ನಗಬಹುದು. ಮೂವತ್ತನಾಲ್ಕು ವರ್ಷ ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ವಿಶ್ರಾಂತನಾದವನಿಗೆ ಮತ್ತೂ ಪಾಠಶಾಲೆಯ ಹಂಬಲವೇ ಎಂದು ನನ್ನ ಮಗಳೂ ನಕ್ಕಳು.

ಮಗಳೂ ಅಳಿಯನೂ ಕೇಂಬ್ರಿಜ್ಜಿನಲ್ಲಿ ಉದ್ಯೋಗದಲ್ಲಿದ್ದಾರೆ. ೨೦೨೫ರ ಸೆಪ್ಟೆಂಬರಿನಿಂದ ಐದು ತಿಂಗಳು ನಾನು ಅವರ ಮನೆಯಲ್ಲಿದ್ದೆ. ಏಳು ವರ್ಷದ ಮೊಮ್ಮಗನನ್ನು ಬೆಳಗ್ಗೆ ಶಾಲೆಗೆ ಬಿಟ್ಟು ಬಂದಮೇಲೆ ಹಗಲೆಲ್ಲ ನನ್ನದೇ. ಹೀಗೆ ಸಿಕ್ಕಿದ ಹಗಲುಗಳಲ್ಲಿ ಸುತ್ತಲಿನ ಹಳ್ಳಿಗಳನ್ನು ತಿರುಗಿದೆನು. ನೆಲವು ಬಹುಮಟ್ಟಿಗೆ ಸಮತಟ್ಟು. ಗೋಧಿ, ಬಾರ್ಲಿ, ಸಕ್ಕರೆಗೆಡ್ಡೆಗಳ ಹೊಲಗಳು. ಬೇಲಿಗಳ ಮೇಲೆ ಇಬ್ಬನಿ. ದೂರದಲ್ಲೊಂದು ಚರ್ಚಿನ ಶಿಖರ, ಅದು ಮರೆಯಾಗುವುದರೊಳಗೆ ಇನ್ನೊಂದು. ಬೆಟ್ಟ ನೋಡಿ ಬೆಳೆದವನಿಗೆ ಮೊದಲ ವಾರ ಈ ದೇಶವು ನೀರಸವೆನಿಸಿತು. ಆಮೇಲೆ ಅದರ ಆಕಾಶವೇ ಅದರ ಬೆಟ್ಟವೆಂದು ತಿಳಿಯಿತು.

ಸಾಸ್ಟನ್ ಹಿಂದಿನಿಂದಲೂ ಚರ್ಮ ಹದ ಮಾಡುವ ಮತ್ತು ಕಾಗದ ತಯಾರಿಸುವ ಕಸುಬುಗಳ ಊರು. ಬಸ್ಸಿನಿಂದಿಳಿದು ಸ್ವಲ್ಪ ದೂರ ನಡೆದರೆ ಕೆಂಪು ಇಟ್ಟಿಗೆಯ ಕಟ್ಟಡ ಎದುರಾಗುತ್ತದೆ. ನಡುವೆ ಅಂಗಳ, ಅಂಗಳದಲ್ಲೊಂದು ಕಾರಂಜಿ, ಎದುರಿಗೆ ಸಭಾಮಂದಿರ, ಇಕ್ಕೆಲಗಳಲ್ಲಿ ಚಾಚಿದ ತೊಟ್ಟಿಗಳು. ಆಡಂಬರವಿಲ್ಲ, ಆದರೂ ಇದನ್ನು ಕಟ್ಟಿಸಿದವನಿಗೆ ಹಳ್ಳಿಯವರ ವಿಷಯದಲ್ಲಿ ಗೌರವವಿತ್ತೆಂಬುದು ನೋಡಿದೊಡನೆ ತಿಳಿಯುವುದು. ಇದರ ಹೆಸರು ಸಾಸ್ಟನ್ ವಿಲೇಜ್ ಕಾಲೇಜು, ಎಂದರೆ ಗ್ರಾಮ ಕಾಲೇಜು. ೧೯೩೦ರಲ್ಲಿ ಅಂದಿನ ಯುವರಾಜನು, ಮುಂದೆ ಎಂಟನೆಯ ಎಡ್ವರ್ಡನೆಂದು ಅಲ್ಪಕಾಲ ಸಿಂಹಾಸನದಲ್ಲಿದ್ದವನು, ಬಂದು ಇದರ ಪ್ರಾರಂಭೋತ್ಸವವನ್ನು ನಡೆಸಿದನು. ಹಳ್ಳಿಯ ಶಾಲೆಯೊಂದಕ್ಕೆ ರಾಜಕುಮಾರನು ಬರಲು ಕಾರಣವೇನು? ಇಲ್ಲಿ ಹೊಸದೊಂದು ನಡೆದಿತ್ತು.

ಅದನ್ನು ನಡೆಸಿದವನು ಹೆನ್ರಿ ಮಾರಿಸ್. ೧೮೮೯ರಲ್ಲಿ ಲ್ಯಾಂಕಷೈರಿನ ಸೌತ್‌ಪೋರ್ಟಿನಲ್ಲಿ ಜನನ. ತಂದೆ ನೀರುಕೊಳವೆಗಳ ಕೆಲಸಗಾರ. ಪಾದ್ರಿಯಾಗಬೇಕೆಂದು ಧರ್ಮಶಾಸ್ತ್ರವನ್ನೋದಿ, ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ, ತರುವಾಯ ಕೇಂಬ್ರಿಜ್ಜಿನಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಾಸಮಾಡಿದನು. ೧೯೨೨ರಲ್ಲಿ ಕೇಂಬ್ರಿಜ್ ಜಿಲ್ಲೆಯ ವಿದ್ಯಾಭ್ಯಾಸದ ಮುಖ್ಯಾಧಿಕಾರಿಯಾಗಿ ನಿಂತವನು ೧೯೫೪ರವರೆಗೆ ಆ ಸ್ಥಾನವನ್ನು ಬಿಡಲಿಲ್ಲ. ವರ್ಗಾವರ್ಗಿಯ ಗಾಳಿಗೆ ಸಿಕ್ಕಿ ಮೂರು ವರ್ಷಕ್ಕೊಮ್ಮೆ ಅಧಿಕಾರಿಗಳನ್ನು ಬದಲಾಯಿಸುವುದನ್ನು ಕಂಡ ನಮ್ಮಂಥವರಿಗೆ ಈ ಮೂವತ್ತೆರಡು ವರ್ಷಗಳೇ ಮೊದಲ ಆಶ್ಚರ್ಯ.

ಆಗ ಅಲ್ಲಿನ ಹಳ್ಳಿಗಳ ಸ್ಥಿತಿ ಹೇಗಿತ್ತು? ಯುದ್ಧಾನಂತರ ಧಾನ್ಯದ ಬೆಲೆ ಕುಸಿದು ರೈತರು ಕಂಗೆಟ್ಟಿದ್ದರು. ಯುವಕರು ಪಟ್ಟಣಗಳ ಕಡೆಗೆ ಹೊರಟಿದ್ದರು. ಶಾಲೆಗಳೆಂದರೆ ಒಬ್ಬಿಬ್ಬರು ಉಪಾಧ್ಯಾಯರು, ಐದು ವರ್ಷದ ಮಗುವಿನಿಂದ ಹದಿನಾಲ್ಕು ವರ್ಷದ ಹುಡುಗನವರೆಗೆ ಒಂದೇ ಸೂರು. ಹದಿನಾಲ್ಕಕ್ಕೆ ಓದು ಮುಗಿಯಿತು. ಅದಾದಮೇಲೆ ಹಳ್ಳಿಯ ಮನುಷ್ಯನಿಗೂ ವಿದ್ಯೆಗೂ ಸಂಬಂಧವೇ ಇಲ್ಲ. ಪುಸ್ತಕ ಬೇಕಾದರೆ, ವೈದ್ಯರು ಬೇಕಾದರೆ, ಒಂದು ಸಂಗೀತ ಕೇಳಬೇಕಾದರೆ ಪಟ್ಟಣಕ್ಕೆ ಹೋಗಬೇಕು. ನಮ್ಮ ಹೋಬಳಿಗಳನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾದ್ದಿಲ್ಲ.

೧೯೨೪ರ ಡಿಸೆಂಬರಿನಲ್ಲಿ ಮಾರಿಸನು ಒಂದು ವಿಜ್ಞಾಪನಾಪತ್ರವನ್ನು ಬರೆದನು. ಅದು ಒಂದು ಸಣ್ಣ ಪುಸ್ತಿಕೆ; ಆದರೆ ಅದರ ಯುಕ್ತಿ ಬಹಳ ಸರಳವೂ ಬಹಳ ಧೀರವೂ ಆದದ್ದು. ಸುತ್ತಲಿನ ಹಲವು ಹಳ್ಳಿಗಳಿಗೆ ಮಧ್ಯವಾದ ಒಂದು ಊರನ್ನು ಆರಿಸತಕ್ಕದ್ದು. ಹನ್ನೊಂದು ವರ್ಷ ದಾಟಿದ ಮಕ್ಕಳು ಅಲ್ಲಿಗೆ ಬಸ್ಸಿನಲ್ಲೋ ಬೈಸಿಕಲ್ಲಿನಲ್ಲೋ ಬರತಕ್ಕದ್ದು. ಇಷ್ಟಾದರೆ ಅದು ಕೇವಲ ಮಾಧ್ಯಮಿಕ ಶಾಲೆ. ಮಾರಿಸನ ಮಾತು ಅಲ್ಲಿಗೆ ನಿಲ್ಲಲಿಲ್ಲ. ಹಳ್ಳಿಗೆ ಬೇಕಾದ ಪುಸ್ತಕಭಂಡಾರ, ಸಭಾಮಂದಿರ, ವ್ಯವಸಾಯದ ಪಾಠ, ಸಂಜೆಯ ತರಗತಿಗಳು, ಸ್ತ್ರೀಯರ ಸಂಘ, ಆಟದ ಬಯಲು, ಶಿಶುಗಳ ತೂಕ ನೋಡಿ ತಾಯಂದಿರಿಗೆ ಸಲಹೆ ಹೇಳುವ ಆರೋಗ್ಯಕೇಂದ್ರ, ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಇಲಾಖೆ, ಒಂದೊಂದು ಕಟ್ಟಡ, ಒಂದೊಂದು ಚಂದಾ ಏಕೆ? ಎಲ್ಲವನ್ನೂ ಶಾಲೆಯ ಸೂರಿನಡಿಯಲ್ಲೇ ಇರಿಸಿದರೆ ಬಡ ಜಿಲ್ಲೆಗೆ ಖರ್ಚು ಕಡಿಮೆ, ಜನಕ್ಕೆ ದಾರಿ ಸುಲಭ. ಮಗು ಮೂರನೆಯ ವರ್ಷದಲ್ಲಿ ಒಳಗೆ ಬಂದು ಮುಪ್ಪಿನಲ್ಲಿ ಮಾತ್ರ ಹೊರಗೆ ಹೋಗುವಂತಾಗಬೇಕು, ‘ಶಾಲೆ ಬಿಟ್ಟನು’ ಎಂಬ ಮಾತೇ ಉಳಿಯಬಾರದು ಎಂಬುದು ಅವನ ಆಶಯ.

ಬಡ ಜಿಲ್ಲೆಯೆಂದೆನಷ್ಟೆ. ಬೊಕ್ಕಸದಲ್ಲಿ ಹಣವಿರಲಿಲ್ಲ. ಆದಕಾರಣ ಮಾರಿಸನು ಧರ್ಮನಿಧಿಗಳ ಬಾಗಿಲು ತಟ್ಟಿದನು, ಶ್ರೀಮಂತರ ಮನೆಗಳಿಗೆ ಅಲೆದನು, ಅಮೆರಿಕದ ದತ್ತಿಗಳವರೆಗೂ ಕೈಚಾಚಿದನು. ನಮ್ಮಲ್ಲಿ ಶಾಲೆಗೆ ಮಾಡು ಹೊದಿಸಲು ಊರೂರು ತಿರುಗಿ ಚಂದಾ ಎತ್ತಿದ ಮುಖ್ಯೋಪಾಧ್ಯಾಯರುಂಟು. ಅವರಿಗೆ ಈ ಮನುಷ್ಯನು ಅಪರಿಚಿತನೆನಿಸಲಾರನು. ಸಾಸ್ಟನ್ನಿನ ತರುವಾಯ ೧೯೩೭ರಲ್ಲಿ ಬಾಟಿಷಮ್ ಮತ್ತು ಲಿಂಟನ್ ಎಂಬ ಊರುಗಳಲ್ಲಿ, ೧೯೩೯ರಲ್ಲಿ ಇಂಪಿಂಗ್ಟನ್ನಿನಲ್ಲಿ ಇಂಥವೇ ಕಾಲೇಜುಗಳೆದ್ದವು.

ಇದನ್ನೆಲ್ಲ ಓದುತ್ತ ನನಗೆ ಬಳ್ಳಿಗಾವೆಯ ಕೋಡಿಯಮಠದ ಶಾಸನ ನೆನಪಾಯಿತು. ಶಿಕಾರಿಪುರ ತಾಲ್ಲೂಕಿನ ಆ ಊರಿನ ಕೇದಾರೇಶ್ವರ ಗುಡಿಯನ್ನು ನೋಡಿದವರು ಅನೇಕರಿರಬಹುದು. ೧೧೬೨ರ ಶಾಸನವು ಅಲ್ಲಿನ ಮಠವನ್ನು ವರ್ಣಿಸುತ್ತ, ನಾಲ್ಕು ವೇದಗಳನ್ನೂ ಹಲವು ವ್ಯಾಕರಣಗಳನ್ನೂ ಷಡ್ದರ್ಶನಗಳನ್ನೂ ಪುರಾಣಗಳನ್ನೂ ಅಲ್ಲಿ ಹೇಳಿಕೊಡುತ್ತಿದ್ದರೆಂದು ಹೇಳುವುದಷ್ಟೇ ಅಲ್ಲ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವನ್ನೂ, ರೋಗಿಗಳಿಗೆ ಔಷಧವನ್ನೂ, ಭಯಗೊಂಡು ಬಂದ ಪ್ರಾಣಿಗಳೆಲ್ಲಕ್ಕೂ ಅಭಯವನ್ನೂ ಕೊಡುವ ಸ್ಥಾನವದು ಎನ್ನುತ್ತದೆ. ಗಾಯಕರೂ ನರ್ತಕರೂ ಕಥೆ ಹೇಳುವವರೂ ಅಲ್ಲಿಗೆ ಬರುತ್ತಿದ್ದರೆಂದೂ ತಿಳಿಸುತ್ತದೆ. ಪಾಠ, ಅನ್ನ, ಔಷಧ, ಗಾನ, ನಾಲ್ಕೂ ಒಂದೆಡೆ. ಹಾಗೆಂದು, ಇಂಗ್ಲೆಂಡಿನವರು ಮಾಡಿದ್ದನ್ನೆಲ್ಲ ನಾವು ಮೊದಲೇ ಮಾಡಿದ್ದೆವೆಂದು ಮೀಸೆ ತಿರುವುವ ಪೈಕಿ ನಾನಲ್ಲ. ಒಕ್ಕಲಿನ ಮನೆಯ ಹೆಣ್ಣುಮಗಳು ಆ ಮಠದಲ್ಲಿ ಅಕ್ಷರ ಕಲಿತಳೆಂದು ಶಾಸನ ಹೇಳುವುದಿಲ್ಲ. ಮಾರಿಸನ ಕಾಲೇಜಿನಲ್ಲಿ ಕೂಲಿಯವನ ಮಗಳೂ ಬೆಂಚಿನ ಮೇಲೆ ಕುಳಿತಳು. ಈ ಭೇದ ಸಣ್ಣದಲ್ಲ.

ಸಾಸ್ಟನ್ನಿಗೆ ನಾನು ಮೊದಲು ಹೋದದ್ದು ಹಗಲಿನಲ್ಲಿ, ಒಳಗೆ ಹೋಗಲಾಗಲಿಲ್ಲ. ಈಗ ಆ ದೇಶದಲ್ಲಿ ಪಾಠದ ವೇಳೆಯಲ್ಲಿ ಅಪರಿಚಿತರು ಶಾಲೆಯೊಳಗೆ ಸುಮ್ಮನೆ ಕಾಲಿಡುವಂತಿಲ್ಲ. ಹೆಸರು ಬರೆಯಬೇಕು, ಬಂದ ಕಾರಣ ಹೇಳಬೇಕು, ಕೊರಳಿಗೆ ಚೀಟಿ ತೂಗುಹಾಕಿಕೊಳ್ಳಬೇಕು. ಮಕ್ಕಳ ರಕ್ಷಣೆಗಾಗಿ ಇದು ಅವಶ್ಯವೆಂಬುದನ್ನು ಒಪ್ಪುತ್ತೇನೆ. ಊರಿಗೆಲ್ಲ ತೆರೆದ ಬಾಗಿಲೆಂದು ಕಟ್ಟಿದ ಮನೆಗೆ ಕಾಲವು ಬೇಲಿ ಹಾಕಿಸಿತಲ್ಲಾ ಎಂದು ಮರುಗಿದ್ದೂ ನಿಜ. ನವೆಂಬರಿನಲ್ಲಿ ಮತ್ತೊಮ್ಮೆ ಸಂಜೆ ಹೋದೆನು. ಅಲ್ಲಿ ನಾಲ್ಕು ಗಂಟೆಗೇ ಸೂರ್ಯಾಸ್ತ. ರಸ್ತೆಯೆಲ್ಲ ಕತ್ತಲು, ಜಿಟಿಜಿಟಿ ಮಳೆ. ಆ ಕತ್ತಲಲ್ಲಿ ಶಾಲೆಯ ಕಿಟಕಿಗಳು ಮಾತ್ರ ಬೆಳಗುತ್ತಿದ್ದವು. ಶಾಲೆ ಬಿಟ್ಟ ಮೇಲೆ ಶಾಲೆಯಲ್ಲಿ ದೀಪ ಉರಿಯುವುದನ್ನು ನಮ್ಮ ಊರಿನಲ್ಲಿ ನಾನು ಕಂಡದ್ದು ಚುನಾವಣೆಯ ಹಿಂದಿನ ರಾತ್ರಿ ಮಾತ್ರ.

ಇಂಪಿಂಗ್ಟನ್ನಿನ ಕಥೆ ಬೇರೆ ಬಗೆಯದು. ಕೇಂಬ್ರಿಜ್ಜಿನ ಉತ್ತರಕ್ಕಿರುವ ಈ ಊರಿಗೆ ವಿಚಿತ್ರವಾದ ಬಸ್ಸೊಂದರಲ್ಲಿ ಹೋಗಬಹುದು. ಹಿಂದೆ ರೈಲು ಓಡುತ್ತಿದ್ದ ದಾರಿಯಲ್ಲಿ ಕಾಂಕ್ರೀಟಿನ ಹಳಿಗಳನ್ನು ಹಾಕಿ, ೨೦೧೧ರಿಂದ ಅದರ ಮೇಲೆ ಬಸ್ಸುಗಳನ್ನು ಬಿಡುತ್ತಿದ್ದಾರೆ. ಪಕ್ಕದ ಪುಟ್ಟ ಗಾಲಿಗಳು ಅಂಚಿಗೊತ್ತಿಕೊಂಡು ದಾರಿ ತೋರಿಸುವುದರಿಂದ ಚಾಲಕನು ಚಕ್ರ ತಿರುಗಿಸಬೇಕಾದ್ದೇ ಇಲ್ಲ. ಇಂಪಿಂಗ್ಟನ್ನಿಗೆ ಒತ್ತಿಕೊಂಡೇ ಇರುವ ಹಿಸ್ಟನ್ನಿನಲ್ಲಿ ಚಿವರ್ಸ್ ಮನೆತನದವರು ೧೮೭೩ರಲ್ಲಿ ಹಣ್ಣಿನ ಜಾಮಿನ ಕಾರ್ಖಾನೆಯನ್ನು ಸ್ಥಾಪಿಸಿ ಪ್ರಖ್ಯಾತರಾದರು. ಇಂಪಿಂಗ್ಟನ್ ಕಾಲೇಜಿಗೆ ನೆಲವನ್ನು ದಾನಮಾಡಿದವರು ಇವರೇ.

ಕಟ್ಟಡದ ನಕ್ಷೆ ಮಾಡಿದವರು ಇಬ್ಬರು. ಒಬ್ಬನು ವಾಲ್ಟರ್ ಗ್ರೋಪಿಯಸ್. ಜರ್ಮನಿಯಲ್ಲಿ ೧೯೧೯ರಲ್ಲಿ ಬೌಹೌಸ್ ಎಂಬ ಕಲಾಶಾಲೆಯನ್ನು ಸ್ಥಾಪಿಸಿ, ಹಿಟ್ಲರನ ಆಳ್ವಿಕೆಯಲ್ಲಿ ನಿಲ್ಲಲಾರದೆ ೧೯೩೪ರಲ್ಲಿ ಇಂಗ್ಲೆಂಡಿಗೆ ಬಂದವನು. ಜಗತ್ಪ್ರಸಿದ್ಧನಾದ ಈ ಶಿಲ್ಪಿಯನ್ನು ಮಾರಿಸನು ಹಳ್ಳಿಯ ಶಾಲೆ ಕಟ್ಟಲು ಕರೆದನು! ಕಟ್ಟಡ ಏಳುವುದರೊಳಗೆ, ೧೯೩೭ರಲ್ಲಿ, ಅವನು ಅಮೆರಿಕಕ್ಕೆ ಹೊರಟುಹೋದನು. ಕೆಲಸವನ್ನು ಪೂರೈಸಿದವನು ಅವನ ಪಾಲುದಾರ ಮ್ಯಾಕ್ಸ್‌ವೆಲ್ ಫ್ರೈ. ಇದೇ ಫ್ರೈ ಮುಂದೆ ೧೯೫೧ರಿಂದ ಕೆಲವು ವರ್ಷ ಪತ್ನಿ ಜೇನ್ ಡ್ರೂ ಸಮೇತನಾಗಿ ನಮ್ಮ ದೇಶದ ಚಂಡೀಗಢದಲ್ಲಿ ಮನೆಗಳನ್ನೂ ಶಾಲೆಗಳನ್ನೂ ಕಟ್ಟಿಸಿದನು. ಇಂಪಿಂಗ್ಟನ್ನಿನ ತರಗತಿಗಳು ಒಂದೇ ಅಂತಸ್ತಿನವು. ದೊಡ್ಡ ಗಾಜಿನ ಕಿಟಕಿಗಳು ತೋಟದ ಕಡೆಗೆ ತೆರೆಯುವುವು. ಬೀಸಣಿಗೆಯಾಕಾರದ ಸಭಾಮಂದಿರ, ಅದರ ಮುಂದೆ ವಿಶಾಲವಾದ ಮೊಗಸಾಲೆ, ಅದಕ್ಕೆ ಕೂಡಿಕೊಂಡು ತುಸು ಬಾಗಿದ ಇನ್ನೊಂದು ತೊಟ್ಟಿ. ಈ ಬಾಗಿದ ತೊಟ್ಟಿ ದೊಡ್ಡವರಿಗಾಗಿ ಕಟ್ಟಿದ್ದು. ಮಕ್ಕಳ ಕಡೆಗೂ ದೊಡ್ಡವರ ಕಡೆಗೂ ಹೋಗುವವರು ಈ ಮೊಗಸಾಲೆಯಲ್ಲಿ ಒಬ್ಬರನ್ನೊಬ್ಬರು ಕಾಣುವರು. ಚಿಕ್ಕ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂರಿಸಿದರೆ ರೈತನು ಎರಡನೆಯ ದಿನ ಬರುವುದಿಲ್ಲ. ಅವನಿಗೂ ಅವನ ಅಳತೆಯ ಕುರ್ಚಿ ಬೇಕು. ಇಷ್ಟು ಸಣ್ಣ ಸಂಗತಿಯನ್ನು ಮಾರಿಸನು ಬಲ್ಲವನಾಗಿದ್ದನು. ನಾವು ವಯಸ್ಕರ ಶಿಕ್ಷಣವೆಂದು ಎಷ್ಟೋ ಆಂದೋಲನ ನಡೆಸಿ ಒಂದನೆಯ ತರಗತಿಯ ಮಣೆಗಳ ಮೇಲೆಯೇ ಮುದುಕರನ್ನು ಕೂರಿಸಿದೆವು. ಈ ಕಟ್ಟಡವು ಇಂದು ಆ ದೇಶದ ಮೊದಲ ದರ್ಜೆಯ ಸಂರಕ್ಷಿತ ಸ್ಮಾರಕಗಳಲ್ಲಿ ಸೇರಿದೆ.

ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಎಂಬತ್ತರ ಸಮೀಪದ ವೃದ್ಧೆಯೊಬ್ಬರು ಕುಳಿತರು. ನನ್ನ ಪಂಚೆಯನ್ನೂ ಮೇಲಿನ ದಪ್ಪ ಕೋಟನ್ನೂ ಕಂಡು ಅವರಿಗೆ ಕುತೂಹಲ. ಅಲ್ಲಿ ಏನು ನೋಡಲು ಬಂದಿರೆಂದು ಕೇಳಿದರು; ಹೇಳಿದೆನು. ಅವರೂ ಇಂಥದೇ ಒಂದು ಗ್ರಾಮ ಕಾಲೇಜಿನಲ್ಲಿ ಓದಿದವರಂತೆ. “ಹಗಲು ನಾನು ಕಲಿಯುತ್ತಿದ್ದ ಕೋಣೆಯಲ್ಲೇ ಮಂಗಳವಾರ ರಾತ್ರಿ ನಮ್ಮಮ್ಮ ಬಟ್ಟೆ ಹೊಲಿಯುವುದನ್ನು ಕಲಿಯುತ್ತಿದ್ದಳು. ನನ್ನ ಮೇಜಿನೊಳಗೆ ನಾನು ಇಟ್ಟ ಕಸವನ್ನು ನೋಡಿ ಮನೆಗೆ ಬಂದು ಬೈಯುತ್ತಿದ್ದಳು” ಎಂದು ನಕ್ಕರು. ಈಗಲೂ ಸಂಜೆಯ ತರಗತಿಗಳುಂಟಲ್ಲವೇ ಎಂದೆನು. “ಉಂಟು. ಆದರೆ ಈಗ ಶುಲ್ಕ ಹೆಚ್ಚು. ಕುಂಬಾರಿಕೆಗೂ ಇಟಲಿಯ ಭಾಷೆಗೂ ಬರುವವರು ಮೋಟಾರಿನಲ್ಲಿ ಬರುತ್ತಾರೆ. ನಮ್ಮಮ್ಮನಂಥವರು ಬರುವುದು ಕಾಣೆ” ಎಂದರು. ಈ ಮಾತನ್ನು ನಾನು ಬಹಳ ಹೊತ್ತು ಯೋಚಿಸಿದೆನು.

ಈ ಕಾಲೇಜುಗಳ ಮುಖ್ಯಸ್ಥನಿಗೆ ಮಾರಿಸನು ಹೆಡ್‌ಮಾಸ್ಟರೆಂದು ಹೆಸರಿಡದೆ ವಾರ್ಡನ್ ಎಂದನು. ನಮ್ಮಲ್ಲಿ ವಾರ್ಡನ್ನನೆಂದರೆ ವಿದ್ಯಾರ್ಥಿನಿಲಯದಲ್ಲಿ ಸಾರಿಗೆ ನೀರು ಬೆರೆಸುವವನೆಂಬ ಅಪಖ್ಯಾತಿಯುಂಟು. ಅಲ್ಲಿ ಅದು ಘನವಾದ ಪದವಿ. ಮಕ್ಕಳ ಪಾಠಕ್ಕೂ ಊರಿನ ಸಂಜೆಗೂ ಅವನೇ ಹೊಣೆ. ಆದರೆ ಗಮನಿಸಬೇಕು: ಹೊಣೆ ಅವನದಾದರೂ ದುಡಿಮೆಯೆಲ್ಲ ಅವನದಲ್ಲ. ದೊಡ್ಡವರ ತರಗತಿಗಳನ್ನು ನೋಡಿಕೊಳ್ಳಲು ಬೇರೆ ಬೋಧಕರಿದ್ದರು. ನಾನು ಕೊನೆಯ ಒಂಬತ್ತು ವರ್ಷ ಮುಖ್ಯೋಪಾಧ್ಯಾಯನಾಗಿದ್ದೆ. ನಮ್ಮ ರಾಜ್ಯದ ಅಕ್ಷರ ದಾಸೋಹದ ಬಿಸಿಯೂಟವು ಎಷ್ಟು ಮಕ್ಕಳ ಹೊಟ್ಟೆ ತುಂಬಿಸಿತೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹೀಗಳೆಯುವವನ ನಾಲಗೆ ಒಣಗಲಿ. ಆದರೆ ಅಕ್ಕಿಯ ಮೂಟೆ, ಅನಿಲದ ಉರುಳೆ, ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಇವನ್ನು ಬರೆಯುತ್ತ ಬರೆಯುತ್ತ ರಘುವಂಶದ ಪಾಠಕ್ಕೆ ಹತ್ತು ನಿಮಿಷ ತಡವಾಗಿ ಹೋದ ದಿನಗಳನ್ನೂ ಮರೆಯಲಾರೆ. ಶಾಲೆಗೆ ಹೊಸ ಧರ್ಮವನ್ನು ವಹಿಸುವವರು ಅದರ ಜೊತೆಗೆ ಎರಡು ಹೊಸ ಕೈಗಳನ್ನೂ ಕಳುಹಿಸಬೇಕು. ಉಪಾಧ್ಯಾಯನಿಗಿರುವುದು ಎರಡೇ ಕೈ, ಅವುಗಳಲ್ಲೊಂದರಲ್ಲಿ ಸೀಮೆಸುಣ್ಣವಿದೆ.

ಮಾರಿಸನು ೧೯೬೧ರಲ್ಲಿ ತೀರಿಕೊಂಡನು. ಅವನ ಯೋಚನೆಯು ಬಹುಕಾಲ ಒಂದು ಜಿಲ್ಲೆಯ ವಿಶೇಷವೆನಿಸಿದ್ದು, ಹೊಸ ಶತಮಾನದಲ್ಲಿ ಬೇರೆ ವೇಷದಿಂದ ಇಂಗ್ಲೆಂಡಿನ ಎಲ್ಲ ಶಾಲೆಗಳಿಗೂ ಬಂತು. ಪ್ರತಿಯೊಂದು ಶಾಲೆಯೂ ಪಾಠದ ಹೊರಗೆ ಕುಟುಂಬಗಳಿಗೂ ಊರಿಗೂ ನೆರವಾಗಬೇಕೆಂದು ೨೦೦೫ರಲ್ಲಿ ಅಲ್ಲಿನ ಸರಕಾರವು ಗೊತ್ತುಮಾಡಿತು. ಚಿಕ್ಕ ಮಕ್ಕಳನ್ನು ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ನೋಡಿಕೊಳ್ಳುವ ಏರ್ಪಾಟು, ತಂದೆತಾಯಿಗಳಿಗೆ ತಿಳಿವಳಿಕೆ, ತೊದಲುವ ಅಥವಾ ಮನಸ್ಸು ನೊಂದ ಮಗುವನ್ನು ಬೇಗ ತಜ್ಞರ ಬಳಿಗೆ ಸೇರಿಸುವ ದಾರಿ, ಊರವರಿಗೆ ಆಟದ ಬಯಲು ಮತ್ತು ಸಭಾಮಂದಿರ, ಇವೆಲ್ಲ ೨೦೧೦ರೊಳಗೆ ಸಿದ್ಧವಾಗಬೇಕೆಂದು ಸಂಕಲ್ಪ. ಅಷ್ಟರಲ್ಲಿ ಸರಕಾರ ಬದಲಾಯಿತು, ಖರ್ಚು ಕಡಿಮೆಮಾಡುವ ಕಾಲ ಬಂತು. ೨೦೧೧ರಿಂದ ಈ ಕಾರ್ಯಕ್ಕೆಂದೇ ಇದ್ದ ಹಣದ ಮೀಸಲು ಹೋಯಿತು. ಅನುಕೂಲವಿದ್ದ ಶಾಲೆಗಳು ನಡೆಸಿದವು, ಇಲ್ಲದವು ಬಿಟ್ಟವು. ೨೦೨೫ರ ಏಪ್ರಿಲಿನಿಂದ ೭೫೦ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ಉಪಾಹಾರವನ್ನು ಉಚಿತವಾಗಿ ಕೊಡುವ ಕ್ರಮವು ಮೊದಲಾಗಿದೆ.

ಈ ಬೆಳಗಿನ ಉಪಾಹಾರವನ್ನು ನಾನು ಹತ್ತಿರದಿಂದ ಬಲ್ಲೆ. ಮೊಮ್ಮಗನ ಶಾಲೆಯಲ್ಲಿಯೂ ಅದುಂಟು. ಅಲ್ಲಿ ಅದಕ್ಕೆ ಹಣ ಕೊಡಬೇಕು. ಎಂಟು ಗಂಟೆಗೆ ಮುಂಚೆ ಅವನ ಕೈಹಿಡಿದು ಹೋಗುತ್ತಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು ಹೆಸರು ಗುರುತುಹಾಕಿಕೊಳ್ಳುವಳು. ಒಳಗೆ ಸುಟ್ಟ ರೊಟ್ಟಿಯ ವಾಸನೆ. ಹಾಲಿನಲ್ಲಿ ನೆನೆದ ಕಾಳಿನ ಬಟ್ಟಲುಗಳು. ಒಂದು ಮೂಲೆಯಲ್ಲಿ ಚದುರಂಗ. ಮೊದಲ ದಿನ ನನಗೆ ಮನಸ್ಸಿಗೆ ಹಿಡಿಸಲಿಲ್ಲ. ಮನೆಯಲ್ಲಿ ತಾತನಿರುವಾಗ ಮಗು ಪರರ ಕೈಯಲ್ಲಿ ಏಕೆ ತಿನ್ನಬೇಕು, ನಾನೇ ಉಪ್ಪಿಟ್ಟು ಮಾಡಿ ತಿನ್ನಿಸಿ ಒಂಬತ್ತಕ್ಕೆ ಬಿಡುತ್ತೇನೆ ಎಂದೆನು. ಮಗಳು ಹೇಳಿದಳು: “ಅಪ್ಪ, ನೀವಿರೋದು ಐದು ತಿಂಗಳು. ಒಮ್ಮೆ ಬಿಟ್ಟರೆ ಆ ಜಾಗ ಇನ್ನೊಂದು ಮಗುವಿಗೆ ಹೋಗುತ್ತದೆ. ಫೆಬ್ರವರಿಯಲ್ಲಿ ನೀವು ವಿಮಾನ ಹತ್ತಿದ ಮೇಲೆ ನಾನು ಕೆಲಸ ಬಿಡಬೇಕಾಗುತ್ತದೆ.” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಹಿಂದಿನ ಮನೆಗಳಲ್ಲಿ ಅಜ್ಜಿ, ಸೋದರತ್ತೆ, ಪಕ್ಕದ ಮನೆಯ ರಾಯರು ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಶಾಲೆ ಮಾಡುತ್ತಿದೆ. ನಮ್ಮ ಬೆಂಗಳೂರಿನಲ್ಲಿ ಗಂಡಹೆಂಡಿರಿಬ್ಬರೂ ಎಂಟಕ್ಕೆ ಮನೆ ಬಿಡುವ ಸಂಸಾರಗಳಿಗೆ ಆ ಅಜ್ಜಿಯರು ಎಲ್ಲಿಂದ ಬರಬೇಕು?

ಕೆಲವು ದಿನಗಳಲ್ಲಿ ನಾನು ಇನ್ನೊಂದನ್ನೂ ಕಂಡೆ. ತೆಳುವಾದ ಒಬ್ಬ ಹುಡುಗನು ದಿನವೂ ಎಲ್ಲರಿಗಿಂತ ಮೊದಲು ಬಂದು ಬಾಗಿಲ ಬಳಿ ನಿಂತಿರುತ್ತಿದ್ದನು. ಅವನ ತಟ್ಟೆಗೆ ಆ ಹೆಂಗಸು ಕೇಳದೆಯೇ ಎರಡು ರೊಟ್ಟಿ ಹೆಚ್ಚಾಗಿ ಹಾಕುವಳು, ಅವನ ಹೆಸರಿನ ಮುಂದೆ ಹಣದ ಗುರುತು ಹಾಕಿದ್ದನ್ನು ನಾನು ನೋಡಲಿಲ್ಲ. ಯಾರೂ ಆ ವಿಷಯ ಮಾತಾಡಲಿಲ್ಲ.

ಗುರುವಾರಗಳಂದು ನಿವೃತ್ತರಾದ ಕೆಲವರು ಬಂದು, ಓದಲು ಹಿಂದುಳಿದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರು ಓದುವುದನ್ನು ಕೇಳುವ ಪದ್ಧತಿ ಅಲ್ಲಿದೆ. ನಾನು ಉಪಾಧ್ಯಾಯನಾಗಿದ್ದವನೆಂದು ಮೊಮ್ಮಗನು ಸಾರಿಬಿಟ್ಟಿದ್ದನು. ತಾವೂ ಬರಬಹುದಲ್ಲ ಎಂದರು. ಅದಕ್ಕೊಂದು ಅರ್ಜಿ, ಗುರುತಿನ ಪತ್ರಗಳು, ಹಿಂದಿನ ನಡತೆಯ ಪರಿಶೀಲನೆ. ಎಲ್ಲವನ್ನೂ ತುಂಬಿ ಡಿಸೆಂಬರಿನಲ್ಲಿ ಕೊಟ್ಟೆನು. ಒಪ್ಪಿಗೆಯ ಕಾಗದವು ಬಂದದ್ದು ನಾನು ಮೈಸೂರಿಗೆ ಹಿಂದಿರುಗಿದ ಹನ್ನೊಂದನೆಯ ದಿನ. ಮುಂದಿನ ಸಲಕ್ಕೆ ಬೇಕಾಗುವುದೆಂದು ಮಗಳು ಅದನ್ನು ತೆಗೆದಿಟ್ಟಿದ್ದಾಳೆ.